ಚಿಗರಿ, ಗಿಡುಗ ಮತ್ತು ಪಾಳು ಎನ್ನಿಸಿಕೊಂಡ ಬಯಲು

ನಮಸ್ಕಾರ. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೆ ನಾವು ಚಿಗರಿ ಎಂದು ಪ್ರೀತಿಯಿಂದ ಹೆಸರಿಟ್ಟಿದ್ದೇವೆ. ಆ ಹೆಸರಿನ ಪ್ರಾಣಿ, ಅಂದರೆ ಕೃಷ್ಣಮೃಗ, ಮೇಯುವುದನ್ನು ನೋಡಲು ಹಾವೇರಿ ಜಿಲ್ಲೆಯ ರಾಣೆಬೆನ್ನೂರಿಗೆ ಬನ್ನಿ. ಅಲ್ಲಿ 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಅಭಯಾರಣ್ಯವಿದೆ.

ಚಿಗರಿಯನ್ನು ಚುಕ್ಕಿ ಜಿಂಕೆಯ ಬಳಗಕ್ಕೆ ಸೇರಿಸುವವರೇ ಹೆಚ್ಚು. ಚುಕ್ಕಿ ಜಿಂಕೆಯ ಕವಲುಗೊಂಬು ಉದುರಿ ಮತ್ತೆ ಮೂಡುತ್ತದೆ. ಗಂಡು ಚಿಗರಿಯ ಕೊಂಬು ಹಾಗಲ್ಲ. ಹುರಿ ಹೊಸೆದಂತೆ ತಿರುಚಿಕೊಂಡು, ಮೈತುಂಬ ಬಳೆ ತೊಟ್ಟಂತೆ ಬೆಳೆದು, ಸಾಯುವವರೆಗೂ ತಲೆಯ ಮೇಲೇ ಇರುತ್ತದೆ. ಅದು ನಮ್ಮ ಕೊಟ್ಟಿಗೆಯ ಆಕಳು, ಆಡುಗಳ ಕುಟುಂಬದ ಪ್ರಾಣಿ.

ಚಳಿಗಾಲದಲ್ಲಿ ಚಿಗರಿ ಮೇಯುವ ಇದೇ ಹುಲ್ಲಿನ ಮೇಲೆ ಹ್ಯಾರಿಯರ್ ಗಿಡುಗ ತೇಲುತ್ತದೆ. ರೆಕ್ಕೆಗಳನ್ನು ತುಸು ಮೇಲೆತ್ತಿ, ತೆನೆ ಸವರುವಷ್ಟು ಕೆಳಗೆ. ಇವುಗಳಲ್ಲಿ ಪ್ಯಾಲಿಡ್ ಹ್ಯಾರಿಯರ್ ಕಜಕಸ್ತಾನ, ರಷ್ಯಾದ ಬಯಲುಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಅತಿಥಿ. ಗಿಡುಗ ಪಕ್ಷಿ, ಚಿಗರಿ ಸಸ್ತನಿ. ಬೆನ್ನುಮೂಳೆ ಬಿಟ್ಟರೆ ವಂಶಾವಳಿಯಲ್ಲಿ ಹತ್ತಿರದ ನಂಟಿಲ್ಲ.

ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಹೇಳುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಪ್ಯಾಲಿಡ್ ಹ್ಯಾರಿಯರ್ ಅಪಾಯದ ಅಂಚಿನ ಸಮೀಪದಲ್ಲಿದೆ. ಚಿಗರಿಗೆ 'ಕನಿಷ್ಠ ಕಾಳಜಿ' ಎಂಬ ಮುದ್ರೆ. ಈ ಎರಡು ಪದ ಕೇಳಿ "ಹಾಗಾದರೆ ಚಿಂತೆಯಿಲ್ಲ" ಎನ್ನುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಆ ಮುದ್ರೆ ಇಡೀ ಸಂತತಿಯ ಲೆಕ್ಕಕ್ಕೆ ಬಿದ್ದದ್ದು. ಪಾಕಿಸ್ತಾನ, ಬಾಂಗ್ಲಾದೇಶಗಳ ಬಯಲುಗಳಲ್ಲಿ ಚಿಗರಿ ಅಳಿದುಹೋಗಿದೆ. ನಮ್ಮ 1972ರ ವನ್ಯಜೀವಿ ಕಾಯ್ದೆ ಅದನ್ನು ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಯಲ್ಲೇ ಇಟ್ಟು ಕಾಯುತ್ತಿದೆ.

ಆದರೆ ಪ್ರಾಣಿಗೆ ಸಿಕ್ಕ ರಕ್ಷಣೆ ಹುಲ್ಲಿಗೆ ಸಿಕ್ಕಿಲ್ಲ. ಹುಲ್ಲುಗಾವಲು ಕಂಡರೆ ನಾವು 'ಪಾಳು ಭೂಮಿ' ಎನ್ನುತ್ತೇವೆ. ರಾಣೆಬೆನ್ನೂರಿನ ಈ ಬಯಲಿನಲ್ಲೂ ನೀಲಗಿರಿ ನೆಟ್ಟೆವು. ಹ್ಯಾರಿಯರ್ ರಾತ್ರಿ ಕಳೆಯುವುದು ಮರದ ಮೇಲಲ್ಲ. ಹೊತ್ತು ಮುಳುಗುತ್ತಲೇ ಒಂದೊಂದಾಗಿ ಹುಲ್ಲಿನೊಳಗೆ ಇಳಿದು ನೆಲದ ಮೇಲೇ ಮಲಗುತ್ತವೆ. ಚಿಗರಿ ಮರಿಯನ್ನು ಬಚ್ಚಿಡುವುದೂ ಅಲ್ಲಿಯೇ. ಹುಲ್ಲು ಕಡಿಮೆಯಾದರೆ ಚಿಗರಿ ಹೊಲಕ್ಕೆ ನುಗ್ಗುತ್ತದೆ, ಬೆಳೆ ಕಳೆದುಕೊಂಡ ರೈತ ಶಪಿಸುತ್ತಾನೆ. ಅವನ ನೋವು ಸುಳ್ಳಲ್ಲ. ನಷ್ಟಕ್ಕೆ ಪರಿಹಾರ ಅವನ ಕೈಗೆ ಬೇಗ ಸೇರಬೇಕು.

ಇದೇ ಬಯಲಿನಲ್ಲಿ ಒಂದು ಕಾಲಕ್ಕೆ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯೂ ಓಡಾಡುತ್ತಿತ್ತು. ಈಗ ಇಲ್ಲ.

ಜೂನ್ 5ರ ಪರಿಸರ ದಿನದಂದು ಸಸಿ ಹಿಡಿದು ಹೊರಡುವವರಿಗೆ ಕೈಮುಗಿದು ಕೇಳುತ್ತೇನೆ: ಊರ ಬೀದಿಯಲ್ಲಿ ನೆಡಿ, ಶಾಲೆಯ ಅಂಗಳದಲ್ಲಿ ನೆಡಿ. ಹುಲ್ಲುಗಾವಲಿನಲ್ಲಿ ಮಾತ್ರ ಗುಂಡಿ ತೋಡಬೇಡಿ.