ನಿಮ್ಮ ಬೀಟ್ ಪೊಲೀಸರ ಹೆಸರೇನು?

ಕೇಳುಗರಿಗೆ ನಮಸ್ಕಾರ.

ಮೊದಲು ಒಂದು ಸಣ್ಣ ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಗೆ ಹಾಲು ಹಾಕುವವರ ಹೆಸರು ನಿಮಗೆ ಗೊತ್ತು. ಗ್ಯಾಸ್ ಸಿಲಿಂಡರ್ ತರುವವರ ಫೋನ್ ನಂಬರ್ ಗೊತ್ತು. ಎದುರು ಮನೆಯವರ ನಾಯಿಯ ಹೆಸರೂ ಗೊತ್ತು. ನಿಮ್ಮ ಬೀದಿಗೆ ಗಸ್ತಿಗೆ ಬರುವ ಬೀಟ್ ಪೊಲೀಸರ ಹೆಸರೇನು?

ಗೊತ್ತಿಲ್ಲ, ಅಲ್ವಾ?

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಖಾಕಿ ಹಾಕಿದವನು. ಪೇದೆಯಾಗಿ ಸೇರಿ, ದಫೇದಾರನಾಗಿ, ಕೊನೆಗೆ ಸಬ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದೆ. ಈ ಪ್ರಶ್ನೆಯನ್ನು ಮದುವೆ ಮನೆಯಲ್ಲಿ ಕೇಳಿದ್ದೇನೆ, ಬಸ್ಸಿನಲ್ಲಿ ಕೇಳಿದ್ದೇನೆ, ಬೆಳಗಿನ ವಾಕಿಂಗ್‌ನಲ್ಲಿ ಕೇಳಿದ್ದೇನೆ. ಉತ್ತರ ಹೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಆದರೆ ಪೊಲೀಸರು ಸರಿಯಿಲ್ಲ ಅಂತ ಹೇಳಿದವರನ್ನು ಎಣಿಸುವುದಕ್ಕೆ ಬೆರಳು ಸಾಲುವುದಿಲ್ಲ!

‘ಅಪರಾಧ ತಡೆಯುವಲ್ಲಿ ನಾಗರಿಕರ ಪಾತ್ರ’ ಅನ್ನುವ ವಿಷಯ ಕೊಟ್ಟು ಆಕಾಶವಾಣಿಯವರು ನನ್ನನ್ನು ಇಲ್ಲಿಗೆ ಕರೆದಿದ್ದಾರೆ. ದೊಡ್ಡ ವಿಷಯ. ನನ್ನ ಹತ್ತಿರ ಅದಕ್ಕೆ ಇರುವುದು ಒಂದೇ ಮಾತು. ನಿಮ್ಮ ಬೀಟ್ ಪೊಲೀಸರ ಹೆಸರು ತಿಳಿದುಕೊಳ್ಳಿ, ಅವರಿಗೆ ನಿಮ್ಮ ಹೆಸರು ತಿಳಿಸಿ. ಇದನ್ನು ಇವತ್ತು ನಾಲ್ಕು ಸಲವಾದರೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬೀಟ್ ಅಂದರೆ ಗಸ್ತು. ಠಾಣೆಯ ಸರಹದ್ದನ್ನು ತುಂಡು ತುಂಡು ಮಾಡಿ, ಒಂದೊಂದು ತುಂಡನ್ನು ಒಬ್ಬೊಬ್ಬರಿಗೆ ವಹಿಸುತ್ತಾರೆ. ಇದೇನು ಹೊಸದಲ್ಲ. ಹಿಂದೆ ಹಳ್ಳಿಯಲ್ಲಿ ತಳವಾರ ಇರಲಿಲ್ಲವೇ? ಯಾರ ಮನೆಗೆ ನೆಂಟರು ಬಂದಿದ್ದಾರೆ, ಸಂತೆಗೆ ಹೋದವರು ಯಾರು ಇನ್ನೂ ವಾಪಸ್ ಬಂದಿಲ್ಲ, ಎಲ್ಲ ಅವನಿಗೆ ಗೊತ್ತಿರುತ್ತಿತ್ತು. ಊರು ಬೆಳೆದು ಬಡಾವಣೆಗಳಾದವು. ತಳವಾರ ಹೋದ, ಆ ಜಾಗಕ್ಕೆ ಜೀಪು ಬಂತು. ಜೀಪಿನಲ್ಲಿ ಕೂತು ನೋಡಿದರೆ ಕಾಂಪೌಂಡ್ ಗೋಡೆ ಕಾಣುತ್ತದೆ, ಜನ ಕಾಣುವುದಿಲ್ಲ.

ಅದಕ್ಕೇ ನಮ್ಮ ರಾಜ್ಯದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಅಂತ ತಂದರು. ಒಂದು ಬೀಟ್‌ಗೆ ಒಬ್ಬರು ಹೊಣೆ. ಆ ಬೀಟ್‌ನ ನಿವಾಸಿಗಳೇ ಸದಸ್ಯರು. ಅವರ ಜೊತೆ ಆಗಾಗ ಸಭೆ, ವಾಟ್ಸಾಪ್ ಗುಂಪು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಅಂತ ಇನ್ನೊಂದು ಹೆಜ್ಜೆ ಇಟ್ಟರು. ಪೊಲೀಸರೇ ಬಾಗಿಲಿಗೆ ಬಂದು, ‘ನಾನು ಇಂಥವನು, ನಿಮ್ಮ ತೊಂದರೆ ಏನು’ ಅಂತ ಕೇಳಬೇಕು. ಪಕ್ಕದ ಕೇರಳದಲ್ಲಿ ಈ ಕೆಲಸ 2008ರಲ್ಲೇ ಶುರುವಾಗಿತ್ತು, ಜನಮೈತ್ರಿ ಅಂತ ಹೆಸರು. ಅಲ್ಲಿಯೂ ಬೀಟ್ ಪೊಲೀಸರ ಮೊದಲ ಕೆಲಸ ಮನೆ ಮನೆಗೆ ಹೋಗಿ ಪರಿಚಯ ಮಾಡಿಕೊಳ್ಳುವುದೇ.

ಪರಿಚಯದಿಂದ ಕಳ್ಳತನ ಹೇಗೆ ನಿಲ್ಲುತ್ತದೆ ಅಂತ ಕೇಳುತ್ತೀರಿ. ಕಳ್ಳನಿಗೆ ಕಬ್ಬಿಣದ ರಾಡಿಗಿಂತ ಮೊದಲು ಬೇಕಾಗುವುದು ಸುದ್ದಿ. ಯಾವ ಮನೆಗೆ ಬೀಗ, ಎಷ್ಟು ದಿನ ಬೀಗ. ಅವನು ಹಗಲಲ್ಲಿ ಬಂದು ಓದಿಕೊಂಡು ಹೋಗುತ್ತಾನೆ. ಗೇಟಿಗೆ ಹೊರಗಿನಿಂದ ಬೀಗ ನೇತಾಡುತ್ತಿದೆಯಾ? ಬಾಗಿಲ ಮುಂದೆ ಎರಡು ದಿನದ ಪೇಪರ್ ಬಿದ್ದಿದೆಯಾ? ಹಗಲಲ್ಲೂ ಹೊರಗಿನ ಲೈಟ್ ಉರಿಯುತ್ತಿದೆಯಾ? ನಮ್ಮ ಕಡೆ ಇನ್ನೊಂದಿದೆ. ಬೆಳಿಗ್ಗೆ ಎಂಟಾದರೂ ರಂಗೋಲಿ ಇಲ್ಲದ ಅಂಗಳ. ಇಷ್ಟನ್ನೂ ಅವನು ಎರಡು ನಿಮಿಷದಲ್ಲಿ ಓದುತ್ತಾನೆ. ನೀವು, ನಾನು ದಿನಾ ನೋಡಿಯೂ ಓದುವುದಿಲ್ಲ. ಓದಿದರೂ ಯಾರಿಗೆ ಹೇಳಬೇಕು ಗೊತ್ತಿಲ್ಲ.

ಇಲ್ಲೊಂದು ಘಟನೆ ಹೇಳಲೇಬೇಕು.

ನಾನು ಮೈಸೂರಿನ ಒಂದು ಠಾಣೆಯಲ್ಲಿದ್ದೆ. ಯಾವ ಠಾಣೆ ಅನ್ನುವುದು ಬೇಡ. ಬೇಸಿಗೆ ರಜೆ. ಒಂದೇ ಬಡಾವಣೆಯಲ್ಲಿ ಎರಡು ತಿಂಗಳಲ್ಲಿ ನಾಲ್ಕು ಮನೆ ಒಡೆದಿದ್ದರು. ನಮ್ಮ ಭಾಷೆಯಲ್ಲಿ ರಾತ್ರಿ ಕನ್ನ ಕಳವು. ನಾಲ್ಕೂ ಬೀಗ ಹಾಕಿದ ಮನೆಗಳು. ಬಡಾವಣೆ ಸಂಘದವರು ನನ್ನನ್ನು ಸಭೆಗೆ ಕರೆದರು. ಹೋದೆ. ಒಬ್ಬೊಬ್ಬರಾಗಿ ಎದ್ದು ಬೈದರು. ಬೈಯಲಿ, ಮನೆಯ ಒಡವೆ ಕಳೆದುಕೊಂಡವರ ಸಂಕಟ ಅದು. ಎಲ್ಲ ಮುಗಿದ ಮೇಲೆ ಇದೇ ಪ್ರಶ್ನೆ ಕೇಳಿದೆ. ನಿಮ್ಮ ಬೀಟ್ ಪೊಲೀಸರ ಹೆಸರೇನು?

ಹದಿನೆಂಟು ಜನ ಇದ್ದರು. ಒಬ್ಬರೂ ಮಾತಾಡಲಿಲ್ಲ. ತಮಾಷೆ ಏನು ಗೊತ್ತಾ, ಆ ಬೀಟ್‌ನವರು ಮಫ್ತಿಯಲ್ಲಿ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದರು. ಸಂಘದ ಹಿರಿಯರೊಬ್ಬರು ಸ್ವಲ್ಪ ಹೊತ್ತಿನ ಮುಂಚೆ ಅವರ ಕೈಗೇ ಖಾಲಿ ಕಾಫಿ ಲೋಟ ಕೊಟ್ಟು, ‘ಒಳಗಿಡಪ್ಪ’ ಅಂದಿದ್ದರು!

ತಪ್ಪು ನಮ್ಮದೂ ಇತ್ತು. ಮಾರನೇ ದಿನ ರೋಲ್ ಕಾಲ್ ಮುಗಿಸಿ ಅವರನ್ನು ಕರೆದು ಹೇಳಿದೆ. ‘ಬೈಕ್ ಮೂಲೆಯಲ್ಲಿ ನಿಲ್ಲಿಸು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಡಿ. ಸುಮ್ನೆ ನಡಿ, ಮಾತಾಡು.’

ಹುಡುಗ ಚುರುಕು. ಅವನು ದೊಡ್ಡ ಮನೆಗಳ ಬೆಲ್ ಒತ್ತುತ್ತಾ ಕೂರಲಿಲ್ಲ. ಬೀದಿಯಲ್ಲೇ ಇರುವವರ ಪರಿಚಯ ಮಾಡಿಕೊಂಡ. ಇಸ್ತ್ರಿ ಗಾಡಿಯವರು, ಹಾಲಿನ ಬೂತಿನವರು, ಹೂವಿನವರು. ಮತ್ತೆ ಒಬ್ಬರು ಅಕ್ಕ. ಏಳು ಮನೆಗಳ ಮುಂದೆ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುವವರು. ಬೆಳಿಗ್ಗೆ ಐದೂವರೆಗೆ ಬೀದಿಗೆ ಇಳಿದರೆ ಏಳರವರೆಗೆ ಅಲ್ಲೇ. ಯಾರು ಬಂದರು, ಯಾರು ಹೋದರು, ಅವರಷ್ಟು ಯಾವ ಸಿಸಿ ಕ್ಯಾಮೆರಾ ನೋಡುತ್ತದೆ ಹೇಳಿ? ಆದರೆ ಅವರು ತಾವಾಗಿ ಠಾಣೆ ಮೆಟ್ಟಿಲು ಹತ್ತುವವರಲ್ಲ. ಹತ್ತಿದರೂ ‘ನೀನ್ಯಾರಮ್ಮ’ ಅಂತ ಕೇಳುವವರು ಒಳಗಿದ್ದರು ಅನ್ನುವುದನ್ನೂ ಒಪ್ಪಿಕೊಳ್ಳುತ್ತೇನೆ.

ಅಕ್ಕನ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಫಲಿತಾಂಶ ಬಂದ ಮಾರನೇ ದಿನ ನಮ್ಮ ಹುಡುಗ ಅವರನ್ನು ನೋಡಿ, ‘ಏನಕ್ಕಾ, ಪಾಪು ಪಾಸಾ?’ ಅಂತ ಕೇಳಿದ. ಅಷ್ಟೇ. ಅಷ್ಟಕ್ಕೇ ಆಗಿದ್ದು ಎಲ್ಲ.

ನಾಲ್ಕು ದಿನ ಬಿಟ್ಟು ಅಕ್ಕ ಅವನನ್ನು ನಿಲ್ಲಿಸಿದರು. ‘ಸಾರ್, ತಪ್ಪು ತಿಳ್ಕೋಬೇಡಿ. ಈ ಬೀದೀಲಿ ಎಲ್ಲಾ ಗೇಟಿಗೂ ಚೀಟಿ ಸಿಕ್ಸವ್ರೆ, ನೀರಿನ ಫಿಲ್ಟರ್ ರಿಪೇರಿ ಅಂತ. ಎಲ್ಲಾರೂ ತೆಗೆದಾಕುದ್ರು. ಮೂಲೆ ಮನೆಯವ್ರು ಊರಲ್ಲಿಲ್ಲ, ಅದು ಹಂಗೇ ಐತೆ. ಎರಡು ದಿನದಿಂದ ಒಬ್ಬ ಗಾಡೀಲಿ ಬಂದು ಆ ಗೇಟ್ ನೋಡ್ಕೊಂಡು ಹೋಗ್ತಾನೆ. ಬೇರೆ ಎಲ್ಲೂ ನಿಲ್ಸಲ್ಲ.’

ಇನ್ನೂ ಒಂದು ಮಾತು ಸೇರಿಸಿದರು. ಅಂಥ ಒಂದು ಚೀಟಿಯನ್ನು ಅವರು ಮನೆಗೆ ತಗೊಂಡು ಹೋಗಿದ್ದರಂತೆ. ಹಿಂಭಾಗ ಖಾಲಿ ಇತ್ತಲ್ಲ, ಮಗಳಿಗೆ ಲೆಕ್ಕ ಮಾಡುವುದಕ್ಕೆ ಆಗುತ್ತದೆ ಅಂತ. ಮಗಳು ತಿರುಗಿಸಿ ನೋಡಿ, ‘ಅಮ್ಮಾ, ಈ ಫೋನ್ ನಂಬರಲ್ಲಿ ಒಂಬತ್ತೇ ಅಂಕಿ ಇದೆ’ ಅಂದಳಂತೆ.

ಯೋಚನೆ ಮಾಡಿ. ಆ ಬೀದಿಯಲ್ಲಿ ಇಬ್ಬರು ನಿವೃತ್ತ ಎಂಜಿನಿಯರುಗಳಿದ್ದರು, ಒಬ್ಬರು ಪ್ರೊಫೆಸರ್ ಇದ್ದರು. ಎಲ್ಲರ ಕೈಗೂ ಆ ಚೀಟಿ ಬಂದಿತ್ತು.

ಎದುರು ಮನೆಯವರನ್ನು ಕೇಳಿಕೊಂಡು ಅವರ ಪೋರ್ಟಿಕೋದಲ್ಲಿ ನಾವು ಕೂತೆವು. ನಾನು, ನಮ್ಮ ಬೀಟ್ ಹುಡುಗ, ಒಬ್ಬರು ಹೋಮ್ ಗಾರ್ಡ್. ಮನೆ ಯಜಮಾನರು ಬಹಳ ಒಳ್ಳೆಯವರು. ಎಷ್ಟು ಒಳ್ಳೆಯವರು ಅಂದರೆ ಮಧ್ಯರಾತ್ರಿ ಒಂದು ಗಂಟೆಗೆ ಲೈಟ್ ಹಾಕಿಕೊಂಡು, ಲೋಟ ಸದ್ದು ಮಾಡಿಕೊಂಡು ಕಾಫಿ ತರುತ್ತಿದ್ದರು. ‘ಸ್ವಾಮಿ, ದಯವಿಟ್ಟು ಮಲಗಿ’ ಅಂತ ಕೈ ಮುಗಿದೆ. ಮೊದಲ ರಾತ್ರಿ ಸೊಳ್ಳೆ ಬಿಟ್ಟು ಯಾರೂ ಬರಲಿಲ್ಲ. ಎರಡನೇ ರಾತ್ರಿಯೂ ಅಷ್ಟೇ. ಮೂರನೇ ರಾತ್ರಿ ಎರಡು ಗಂಟೆ ದಾಟಿತ್ತು, ಇಬ್ಬರು ಬಂದರು. ಗೇಟಿನ ಬೀಗಕ್ಕೆ ರಾಡ್ ಹಾಕುವವರೆಗೆ ಕಾದೆವು. ಒಬ್ಬ ಸಿಕ್ಕಿದ. ಇನ್ನೊಬ್ಬ ಒಂದು ಚಪ್ಪಲಿ ಬಿಟ್ಟು ಕಾಂಪೌಂಡ್ ಹಾರಿದ. ಅವನು ಸಿಕ್ಕಿದ್ದು ವಾರದ ಮೇಲೆ. ಹಳೇ ಎಂಓಬಿ ಆಸಾಮಿ, ಅಂದರೆ ಕಳವಿನ ದಾಖಲೆ ಇರುವವನು. ನಾಲ್ಕು ಮನೆಯ ಕಳವಿನಲ್ಲಿ ಎರಡು ಮನೆಯ ಚಿನ್ನ ಸಿಕ್ಕಿತು. ಉಳಿದದ್ದು ಆಗಲೇ ಕರಗಿಹೋಗಿತ್ತು.

ಮೂಲೆ ಮನೆಯವರು ಪುಣೆಯಲ್ಲಿ ಮಗಳ ಮನೆಗೆ ಹೋಗಿದ್ದರು. ಬೆಳಿಗ್ಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆ, ‘ಬೀಗ ಒಡೆದುಬಿಟ್ಟರಾ? ಅದು ಹೊಸ ಬೀಗ ಕಣ್ರೀ!’

ಸಂಘದವರು ಸಮಾರಂಭ ಮಾಡಿ ನನಗೆ ಮೈಸೂರು ಪೇಟ ಹಾಕಿದರು. ನಮ್ಮ ಹುಡುಗನಿಗೆ ಶಾಲು. ಈ ಸಲ ಅವನ ಹೆಸರನ್ನು ಮೈಕಿನಲ್ಲಿ ಸರಿಯಾಗಿ ಹೇಳಿದರು. ಅಕ್ಕನ ಹೆಸರನ್ನು ಮಾತ್ರ ನಾವು ಯಾರಿಗೂ ಹೇಳಲಿಲ್ಲ, ಇವತ್ತಿಗೂ ಹೇಳುವುದಿಲ್ಲ. ಸುದ್ದಿ ಕೊಟ್ಟವರ ಹೆಸರು ಬೀದಿಗೆ ಬಂದರೆ ಇನ್ನೊಬ್ಬರು ಬಾಯಿ ಬಿಡುವುದಿಲ್ಲ. ಪೊಲೀಸ್ ಮಿತ್ರರು ಯಾರಾದರೂ ಕೇಳುತ್ತಿದ್ದರೆ ಇದು ನಿಮಗೆ.

ಈ ಕಥೆ ಬರೆಯುತ್ತಾ ಮೂರು ಪುಟ ತುಂಬಿಬಿಟ್ಟಿದೆ. ಆಕಾಶವಾಣಿಯವರು ನನಗೆ ಕೊಟ್ಟಿದ್ದು ಐದೇ ಪುಟ. ಹಾಗಾಗಿ ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಊರಿಗೆ ಹೋಗುವಾಗ ಬೀಟ್‌ನವರಿಗೆ ಹೇಳಿ ಹೋಗಿ. ಎಷ್ಟು ದಿನ ಇರುವುದಿಲ್ಲ, ಯಾರ ಹತ್ತಿರ ಕೀಲಿ ಇದೆ, ಇಷ್ಟು ಹೇಳಿದರೆ ಸಾಕು. ದುಡ್ಡು ಕಾಸು ಏನೂ ಇಲ್ಲ. ರಾತ್ರಿ ಗಸ್ತಿನವರು ಒಂದು ಸಲ ಟಾರ್ಚ್ ಹಾಕಿ ನೋಡಿ ಹೋಗುತ್ತಾರೆ. ನೀವು ಮಾಡುವುದೇನು? ಪೊಲೀಸರಿಗೆ ಹೇಳುವುದಿಲ್ಲ, ವಾಟ್ಸಾಪ್ ಸ್ಟೇಟಸ್‌ನಲ್ಲಿ ಊರಿಗೆಲ್ಲ ಹೇಳುತ್ತೀರಿ. ರೈಲು ನಿಲ್ದಾಣದಲ್ಲಿ ಇಡೀ ಕುಟುಂಬದ ಫೋಟೋ, ‘ಹತ್ತು ದಿನ ಕಾಶಿ ಯಾತ್ರೆ’. ಕಳ್ಳನಿಗೆ ಚೀಟಿ ಸಿಕ್ಕಿಸುವ ಕಷ್ಟವೂ ತಪ್ಪಿತು.

ವಾಟ್ಸಾಪ್ ಅಂದಾಗ ನೆನಪಾಯಿತು. ಬೀಟ್ ಗುಂಪಿನಲ್ಲಿ ದಯವಿಟ್ಟು ಶುಭೋದಯ ಹಾಕಬೇಡಿ. ಒಂದು ಗುಂಪಿನಲ್ಲಿ ಸರಗಳ್ಳತನದ ಸುದ್ದಿ ಬಂದಿತ್ತು. ಅದು ಅರವತ್ತು ಗುಲಾಬಿ ಹೂವಿನ ಕೆಳಗೆ ಸಿಕ್ಕಿಹಾಕಿಕೊಂಡಿತ್ತು. ಬೀಟ್‌ನವರು ನೋಡಿದಾಗ ಮಧ್ಯಾಹ್ನ.

ಇನ್ನೊಂದು ಗಂಭೀರವಾದ ಮಾತು. ಗುಮಾನಿ ಬಂದ ಕೂಡಲೇ ಕೈ ಮಾಡಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಏನಾಯಿತು ನೆನಪಿದೆಯಾ? ಹೈದರಾಬಾದಿನಿಂದ ಸ್ನೇಹಿತರ ಜೊತೆ ಬಂದಿದ್ದ ಯುವಕ. ಮಕ್ಕಳಿಗೆ ಚಾಕೊಲೇಟ್ ಕೊಟ್ಟರು, ಮಕ್ಕಳ ಕಳ್ಳರಂತೆ ಅಂತ ವಾಟ್ಸಾಪ್‌ನಲ್ಲಿ ಸುದ್ದಿ ಓಡಿತು. ಜನ ಸೇರಿ ಹೊಡೆದು ಆ ಯುವಕನನ್ನು ಕೊಂದರು. ತಡೆಯಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬರನ್ನು ಹೀಗೇ ಮಕ್ಕಳ ಕಳ್ಳ ಅಂದುಕೊಂಡು ಕೊಂದಿದ್ದರು. ನೋಡುವುದು ನಿಮ್ಮ ಕೆಲಸ, ಹೇಳುವುದು ನಿಮ್ಮ ಕೆಲಸ. ಹೊಡೆಯುವುದು ನಿಮ್ಮ ಕೆಲಸವೂ ಅಲ್ಲ, ನಮ್ಮ ಕೆಲಸವೂ ಅಲ್ಲ. ಅಕ್ಕ ಆ ಗಾಡಿಯವನನ್ನು ತಡೆದು ಕೂಗಾಡಲಿಲ್ಲ. ಹೆಸರು ಗೊತ್ತಿದ್ದ ಒಬ್ಬರಿಗೆ ಹೇಳಿದರು. ಅಷ್ಟೇ.

ಇನ್ನು ದೂರು. ಸರಹದ್ದು ನಮ್ಮದಲ್ಲ ಅಂತ ಯಾವ ಠಾಣೆಯೂ ನಿಮ್ಮನ್ನು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಇದನ್ನು ಬರೆದೇ ಇಟ್ಟಿದ್ದಾರೆ. ಎಫ್‌ಐಆರ್ ಪ್ರತಿ ನಿಮಗೆ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಬೆಂಗಳೂರಿನವರಿಗೆ ತಿಂಗಳ ನಾಲ್ಕನೇ ಶನಿವಾರ ಜನಸಂಪರ್ಕ ದಿವಸ ಅಂತ ಇದೆ, ಅಧಿಕಾರಿಗಳ ಮುಂದೆಯೇ ಕೂತು ಮಾತಾಡಬಹುದು. ಸಿಸಿ ಕ್ಯಾಮೆರಾ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಇಲ್ಲ. ಹಾಕಿಸಿದರೆ ಒಂದು ರಸ್ತೆ ಕಡೆಗೂ ತಿರುಗಿಸಿ, ಆಗಾಗ ಒರೆಸಿ. ಜೇಡರ ಬಲೆಯ ಹಿಂದಿನ ಕಳ್ಳನನ್ನು ಗುರುತು ಹಿಡಿಯುವುದು ಬಹಳ ಕಷ್ಟ.

ಈಗ ಒಂದು ಪೆನ್ನು, ಒಂದು ಚೀಟಿ ತಗೊಳ್ಳಿ. ತಗೊಂಡಿರಾ? ಮೊದಲ ಸಾಲಿನಲ್ಲಿ ಬರೆಯಿರಿ, 112. ಕಣ್ಣೆದುರೇ ಏನಾದರೂ ಆಗುತ್ತಿದ್ದರೆ ಇದಕ್ಕೆ ಫೋನ್ ಮಾಡಿ. ಎರಡನೇ ಸಾಲು, 1930. ಫೋನಿನಲ್ಲಿ, ಬ್ಯಾಂಕ್ ಖಾತೆಯಲ್ಲಿ ಮೋಸ ಆಗಿ ದುಡ್ಡು ಹೋದರೆ ಇದು. ನಾಚಿಕೆಪಟ್ಟುಕೊಂಡು ಮಾರನೇ ದಿನದವರೆಗೆ ಕಾಯಬೇಡಿ, ಅದೇ ಗಳಿಗೆಯಲ್ಲಿ ಫೋನ್ ಮಾಡಿ.

ಮೂರನೇ ಸಾಲು ಖಾಲಿ ಬಿಡಿ. ಅಲ್ಲಿ ನಿಮ್ಮ ಬೀಟ್ ಪೊಲೀಸರ ಹೆಸರು ಮತ್ತು ನಂಬರ್ ಬರಬೇಕು. ಅದನ್ನು ನಾನು ಇಲ್ಲಿಂದ ಹೇಳುವುದಕ್ಕೆ ಆಗುವುದಿಲ್ಲ. ನಾಳೆ ನೀವೇ ಠಾಣೆಗೆ ಹೋಗಿ ಕೇಳಿಕೊಂಡು ಬನ್ನಿ.

ನಮಸ್ಕಾರ.