ಡ್ರಿಲ್ ಹಿಡಿದವನೊಬ್ಬ, ಅಡ್ವಾನ್ಸ್ ಮೂವರದು

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನಲ್ಲಿ ಮೂವರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ ಅಂದುಕೊಳ್ಳಿ. ಅವರಲ್ಲೊಬ್ಬ ಬಾತ್‌ರೂಮಿನಲ್ಲಿ ಟವೆಲ್ ರಾಡ್ ಹಾಕಲು ಗೋಡೆ ಕೊರೆಯುತ್ತಾನೆ, ಒಳಗಿನ ಪೈಪಿಗೆ ತೂತು ಬೀಳುತ್ತದೆ. ಓನರ್ ಖರ್ಚು ಮುರಿದುಕೊಳ್ಳುವುದು ಮೂವರ ಅಡ್ವಾನ್ಸಿನಿಂದ. ಇದು ನ್ಯಾಯವೇ?

ಅಗ್ರಿಮೆಂಟಿಗೆ ಮೂವರೂ ಸಹಿ ಹಾಕಿದ್ದು, ಅದರಲ್ಲಿ ಬೇರೆ ಏರ್ಪಾಡು ಬರೆದಿಲ್ಲದಿದ್ದರೆ, ಓನರಿಗೆ ಆ ಹಕ್ಕಿದೆ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಕೂಡಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ವಸೂಲಿ ಮಾಡಬಹುದು. ಕೊಟ್ಟವರು ಆಮೇಲೆ ಉಳಿದವರ ಪಾಲನ್ನು ಅವರಿಂದ ಕೇಳಿ ಪಡೆಯಬಹುದು. ಸಹಿ ನಿಮ್ಮದೊಂದೇ ಆಗಿದ್ದರೆ ಓನರಿಗೆ ಉತ್ತರ ಹೇಳಬೇಕಾದವರೂ ನೀವೊಬ್ಬರೇ.

ಹಾಗಾಗಿ, ತಪ್ಪು ಯಾರದು ಎಂಬ ಜಗಳ ಆಮೇಲಿರಲಿ. ಮೊದಲು ಬಾತ್‌ರೂಮಿನ ವಾಲ್ವ್ ತಿರುಗಿಸಿ ನೀರು ನಿಲ್ಲಿಸಿ. ಸ್ವಿಚ್ ಬೋರ್ಡಿನ ಕಡೆಗೆ ನೀರು ಹರಿದಿದ್ದರೆ ಮೇನ್ ಆಫ್ ಮಾಡಿ. ತೂತಿಗೆ ಎಂ-ಸೀಲ್ ಒತ್ತಿ ಸುಮ್ಮನಾಗಬೇಡಿ. ಹೊರಗೆ ಒಣಗಿದಂತೆ ಕಂಡರೂ ಟೈಲ್ಸಿನ ಹಿಂದೆ ನೀರು ಇಳಿಯುತ್ತಲೇ ಇರುತ್ತದೆ. ಕೆಲವು ದಿನಗಳಲ್ಲಿ ಕೆಳಗಿನ ಮನೆಯವರ ಸೀಲಿಂಗ್ ತೇವವಾಗುತ್ತದೆ, ಆಗ ಆ ಮನೆಯ ಖರ್ಚೂ ನಿಮ್ಮ ತಲೆಗೆ.

ಒಂದೇ ತೂತಿಗೆ ಎರಡು ಮೂರು ಟೈಲ್ಸ್ ಯಾಕೆ ಒಡೆಯಬೇಕು ಎಂದು ಹಲವರು ಪ್ಲಂಬರನ್ನೇ ಅನುಮಾನಿಸುತ್ತಾರೆ. ಗೋಡೆಯೊಳಗಿನ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿಗೆ ತೇಪೆ ನಿಲ್ಲುವುದಿಲ್ಲ. ಹಾಳಾದ ತುಂಡನ್ನು ಕತ್ತರಿಸಿ ತೆಗೆದು, ಹೊಸ ತುಂಡನ್ನು ಎರಡೂ ತುದಿಯಲ್ಲಿ ಕಪ್ಲರ್, ಅಂದರೆ ಪೈಪ್ ಜೋಡಿಸುವ ತುಂಡು, ಹಾಕಿ ಸಾಲ್ವೆಂಟ್‌ನಿಂದ ಅಂಟಿಸಬೇಕು. ಪೈಪನ್ನು ಸ್ವಲ್ಪ ಅಲುಗಿಸದೆ ಕಪ್ಲರ್ ಕೂರುವುದಿಲ್ಲ, ಅದಕ್ಕೇ ಗೇಣಿಗೂ ಹೆಚ್ಚು ಗೋಡೆ ಬಿಡಿಸಬೇಕು. ಪೈಪ್ ಒದ್ದೆಯಿದ್ದಾಗ ಅಂಟಿಸಿದರೆ ಜಾಯಿಂಟ್ ಬಿಟ್ಟುಕೊಳ್ಳುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು, ನೀರು ಹಾಯಿಸಿ ನೋಡಿದ ಮೇಲೆಯೇ ಸಿಮೆಂಟ್ ಮುಚ್ಚಲಿ. ಇನ್ನು ಹಳೆಯ ಟೈಲ್ಸಿನ ಬಣ್ಣ ಅಂಗಡಿಯಲ್ಲಿ ಸಿಗುವುದು ಕಷ್ಟ. ಮನೆ ಕಟ್ಟಿದಾಗ ಉಳಿದ ಟೈಲ್ಸ್ ಓನರ್ ಹತ್ತಿರ ಇದ್ದೀತು, ಕೇಳಿ.

ಓನರಿಗೆ ಅದೇ ದಿನ ತಿಳಿಸಿ. ಫೋಟೊ ಕಳಿಸಿ, ಏನಾಯಿತು, ಪ್ಲಂಬರ್ ಯಾವಾಗ ಬರುತ್ತಾರೆ ಎಂದು ಎರಡು ಸಾಲು ಬರೆಯಿರಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬಾಡಿಗೆದಾರರಿಂದಾದ ಹಾನಿಯ ಬಗ್ಗೆ ಓನರ್ ನೋಟಿಸ್ ಕೊಟ್ಟರೆ 3 ತಿಂಗಳೊಳಗೆ ಸರಿಪಡಿಸಿಕೊಡಬೇಕು. ಅದೇ ಸೆಕ್ಷನ್ ಸಹಜ ಸವೆತವನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ. ನಲ್ಲಿಯ ವಾಷರ್ ಸವೆದದ್ದು, ಬೋರ್‌ವೆಲ್ ನೀರಿನ ಉಪ್ಪು ಗೀಸರಿನಲ್ಲಿ ಕಟ್ಟಿದ್ದು, ಬಿಸಿಲಿಗೆ ಬಣ್ಣ ಮಾಸಿದ್ದು ಹಾನಿಯಲ್ಲ. ಮನೆ ಬಿಡುವಾಗ ಓನರ್ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡ ಮೇಲೆ ಗೋಡೆಯ ಕಲೆಗೆ ಮತ್ತೆ ಬೇರೆ ಲೆಕ್ಕ ಹಾಕಿದರೆ ಒಪ್ಪಬೇಡಿ.

ಈಗ ಜೊತೆಗಾರರ ಮಾತು. ‘ನನ್ನಿಂದ ಆಯಿತು, ನಾನು ಕೊಡುತ್ತೇನೆ’ ಎಂಬ ಒಂದು ಸಾಲಿನ ಮೆಸೇಜನ್ನು ಹಾನಿ ಮಾಡಿದವರಿಂದ ಅಂದೇ ಪಡೆಯಿರಿ. ವಾರ ಕಳೆದರೆ ನೆನಪೂ ಬದಲಾಗುತ್ತದೆ, ಮಾತೂ ಬದಲಾಗುತ್ತದೆ. ಬಿಲ್ಲಿನಲ್ಲಿ ಸಾಮಾನು ಮತ್ತು ಕೂಲಿ ಬೇರೆಬೇರೆ ಇರಲಿ. ದುಡ್ಡು ಯುಪಿಐನಲ್ಲಿ ಬರಲಿ, ಯಾವುದಕ್ಕೆ ಎಂದು ಅಲ್ಲೇ ಬರೆಸಿ. ಒಟ್ಟಿಗೆ ಕೊಡಲಾಗದಿದ್ದರೆ ಕಂತು ಮಾಡಿಕೊಡಿ, ಆದರೆ ತಾರೀಖು ಹಾಕಿ.

ಎಲ್ಲಕ್ಕಿಂತ ಹೆಚ್ಚು ಮೋಸ ಹೋಗುವುದು ಒಬ್ಬರು ನಡುವೆ ಮನೆ ಬಿಡುವಾಗ. ಹೊಸದಾಗಿ ಬರುವವರು ಅಡ್ವಾನ್ಸಿನ ಪಾಲನ್ನು ಹೋಗುವವರ ಕೈಗೇ ಕೊಟ್ಟುಬಿಡುತ್ತಾರೆ. ಓನರ್ ಬಂದು ನೋಡುವುದಿಲ್ಲ. ಬಿರುಕು ಬಿಟ್ಟ ವಾಷ್‌ಬೇಸಿನ್, ಕಿತ್ತುಬಂದ ಕಪಾಟಿನ ಬಾಗಿಲು ಉಳಿದವರ ಪಾಲಿಗೆ ಬರುತ್ತವೆ. ಆದ್ದರಿಂದ ದುಡ್ಡು ಕೈ ಬದಲಾಗುವ ಮೊದಲು ಮೂವರೂ ನಿಂತು ಆ ಕೋಣೆ, ಬಾತ್‌ರೂಮು, ಅಡುಗೆಮನೆ ನೋಡಿ. ಪ್ರತಿ ನಲ್ಲಿ ತಿರುಗಿಸಿ, ಫ್ಲಶ್ ಎಳೆಯಿರಿ, ವಿಡಿಯೊ ಮಾಡಿ. ಏನಾದರೂ ಹಾಳಾಗಿದ್ದರೆ ಆ ಮೊತ್ತ ಹಿಡಿದುಕೊಂಡು ಉಳಿದದ್ದನ್ನು ಕೊಡಿ. ಅಗ್ರಿಮೆಂಟಿನಲ್ಲಿ ಹೋದವರ ಹೆಸರು ತೆಗೆಸಿ, ಬಂದವರ ಸಹಿ ಹಾಕಿಸಲು ಅದೇ ವಾರ ಓನರನ್ನು ಕೇಳಿ.

ನಮಸ್ಕಾರ.