ಹೆಗಲು ನೋವು ಅಂದವನನ್ನು ತಿರುಗಿಸಿ ನಿಲ್ಲಿಸಿ

ಆಟದ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಎಲ್ಲರಿಗೂ ನಮಸ್ಕಾರ. ಮಂಡ್ಯದವರ ಮುಂದೆ ವಾಲಿಬಾಲ್ ಬಗ್ಗೆ ಮಾತಾಡುವುದು ಅಂದರೆ ಆಲೆಮನೆಯವರಿಗೆ ಬೆಲ್ಲದ ರುಚಿ ಹೇಳಿಕೊಟ್ಟ ಹಾಗೆ. ಹಬ್ಬ ಬಂದರೆ ಸಾಕು, ಊರೂರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ. ಆ ಆಟ ನಿಮಗೆ ಗೊತ್ತು. ಫಿಸಿಯೋಥೆರಪಿಯವಳಾದ ನನಗೆ ಗೊತ್ತಿರುವುದು ಪಂದ್ಯ ಮುಗಿದ ಮೇಲೆ ಮೈಸೂರಿನ ನನ್ನ ಕೋಣೆಗೆ ಬರುವ ಬಲ ರಟ್ಟೆಗಳು.

ಬಂದವರೆಲ್ಲ ಬೆರಳಿಟ್ಟು ತೋರಿಸುವುದು ಹೆಗಲಿನ ಮುಂಭಾಗವನ್ನೇ. ನಾನು ತಿರುಗಿ ನಿಲ್ಲಪ್ಪ ಅನ್ನುತ್ತೇನೆ. ನನಗೆ ಮೊದಲು ನೋಡಬೇಕಾದದ್ದು ಬೆನ್ನಿನ ಮೇಲಿರುವ ಆ ತ್ರಿಕೋನದ ಮೂಳೆ. ಪುಸ್ತಕದಲ್ಲಿ ಸ್ಕ್ಯಾಪುಲಾ, ನಾವು ಹೆಗಲ ಹಲಗೆ ಅನ್ನೋಣ.

ನೀವೆಲ್ಲ ಶಾಲೆಯಲ್ಲಿ ನಿಂಬೆಹಣ್ಣು–ಚಮಚದ ಓಟ ಮಾಡಿಸಿದವರು. ನಮ್ಮ ಭುಜದ ಕೀಲು ಹೆಚ್ಚುಕಡಿಮೆ ಅದೇ. ತೋಳಿನ ಮೂಳೆಯ ಗುಂಡು ತಲೆಯೇ ನಿಂಬೆಹಣ್ಣು, ಹೆಗಲ ಹಲಗೆಯ ಅಂಚಿನಲ್ಲಿರುವ ಆಳವಿಲ್ಲದ ಬಟ್ಟಲೇ ಚಮಚ. ಹಣ್ಣು ಆ ಕಡೆ ವಾಲಿದರೆ ಚಮಚವೂ ವಾಲಬೇಕು, ಇಲ್ಲದಿದ್ದರೆ ಹಣ್ಣು ಜಾರುತ್ತದೆ. ಕೈಯನ್ನು ಪೂರ್ತಿ 180 ಡಿಗ್ರಿ ಮೇಲೆತ್ತಿದಾಗ ಸುಮಾರು 120 ಡಿಗ್ರಿ ಭುಜದ ಕೀಲಿನಲ್ಲಿ, ಉಳಿದ 60 ಡಿಗ್ರಿ ಹಲಗೆಯ ತಿರುಗುವಿಕೆಯಿಂದ ಬರುತ್ತದೆ. 1944ರಲ್ಲೇ ಅಳೆದು ಹೇಳಿದ ಲೆಕ್ಕ ಇದು; ಆಳಿಂದ ಆಳಿಗೆ ಸ್ವಲ್ಪ ಹೆಚ್ಚುಕಮ್ಮಿ ಇದ್ದೇ ಇರುತ್ತದೆ.

ಈ ಹಲಗೆಗೆ ಮುಂಡದ ಜೊತೆ ಇರುವ ಮೂಳೆಯ ನಂಟು ಕೊರಳೆಲುಬಿನದ್ದು ಒಂದೇ. ಮಿಕ್ಕಂತೆ ಅದು ಪಕ್ಕೆಲುಬಿನ ಮೇಲೆ ಸ್ನಾಯುಗಳ ಹಿಡಿತದಲ್ಲಿ ಜಾರಾಡುತ್ತಿರುತ್ತದೆ. ಹದಿನೇಳು ಸ್ನಾಯುಗಳು ಅದಕ್ಕೆ ಅಂಟಿಕೊಂಡಿವೆ. ನೀವು ಎರಡನ್ನು ನೆನಪಿಟ್ಟುಕೊಂಡರೆ ನನಗೆ ಸಾಕು. ಒಂದು ಸೆರೇಟಸ್ ಆಂಟೀರಿಯರ್: ಪಕ್ಕೆಲುಬುಗಳಿಂದ ಗರಗಸದ ಹಲ್ಲಿನ ಹಾಗೆ ಹೊರಟು, ಹಲಗೆಯ ಅಡಿಯಲ್ಲಿ ನುಸುಳಿ ಬೆನ್ನುಮೂಳೆ ಕಡೆಯ ಅಂಚನ್ನು ಹಿಡಿಯುತ್ತದೆ. ಇನ್ನೊಂದು, ಕತ್ತಿನಿಂದ ನಡುಬೆನ್ನಿನವರೆಗೆ ಹರಡಿರುವ ಟ್ರೆಪೀಜಿಯಸ್‌ನ ಕೆಳಭಾಗ. ಸ್ಮ್ಯಾಶ್‌ಗೆ ಕೈ ಎತ್ತಿದಾಗ ಇವೆರಡೂ, ಟ್ರೆಪೀಜಿಯಸ್‌ನ ಮೇಲ್ಭಾಗದ ಜೊತೆ ಸೇರಿ, ಬಸ್ಸಿನ ಸ್ಟೇರಿಂಗ್ ತಿರುಗಿಸಿದಂತೆ ಹಲಗೆಯನ್ನು ತಿರುಗಿಸುತ್ತವೆ. ಕೆಳಗಿನ ಇಬ್ಬರು ಸೋತರೆ ಮೇಲಿನವನೊಬ್ಬನೇ ಎಳೆಯುತ್ತಾನೆ. ಹುಡುಗ ಹೆಗಲು ಕುಣಿಸಿ ಕೈ ಎತ್ತುತ್ತಾನಲ್ಲ, ಅದು ಆ ಎಳೆತ. ಮೊದಲ ಸೆಟ್‌ನಲ್ಲಿ ಕಾಣುವುದಿಲ್ಲ. ದಣಿದ ಮೇಲೆ, ಮೂರನೆಯ ಸೆಟ್‌ನಲ್ಲಿ ನೋಡಿ.

ಪಾಂಡವಪುರದ ಕಡೆಯ ಒಬ್ಬ ಹುಡುಗ, ಒಳ್ಳೆಯ ಸ್ಮ್ಯಾಷರ್. ಎಂಟು ತಿಂಗಳು ಮುಲಾಮು, ಮಾತ್ರೆ, ಇಂಜೆಕ್ಷನ್ ಎಲ್ಲ ಆಗಿತ್ತು. ಒಬ್ಬರು ಉಳುಕು ಅಂತ ಕೈ ಹಿಡಿದು ಜಗ್ಗಿಯೂ ಇದ್ದರು. ಅವನು ಕೈ ಎತ್ತುವಾಗ ನಾನು ಹಲಗೆಯ ಕೆಳತುದಿಯನ್ನು ಅಂಗೈಯಿಂದ ಮೇಲಕ್ಕೆ, ಪಕ್ಕಕ್ಕೆ ತಳ್ಳಿ ಸಹಾಯ ಮಾಡಿದೆ. ‘ಅಕ್ಕ, ಈಗ ಅಷ್ಟು ನೋವಿಲ್ಲ’ ಅಂದ. ಹೀಗೆ ತಳ್ಳಿದಾಗ ನೋವು ತಗ್ಗಿದರೆ ಹಲಗೆಯ ಚಲನೆಗೂ ನೋವಿಗೂ ನಂಟಿದೆ ಅಂತ ತಿಳಿಯಬಹುದು.

ಇಲ್ಲೊಂದು ಎಚ್ಚರಿಕೆ. ಹಲಗೆ ಸ್ವಲ್ಪ ವಕ್ರವಾಗಿ ಆಡಿತು ಅಂದಮಾತ್ರಕ್ಕೆ ರೋಗಿ ಅಂತ ಹಣೆಪಟ್ಟಿ ಹಚ್ಚಬೇಡಿ. 2016ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೈ ಮೇಲೆತ್ತಿ ಆಡುವವರಲ್ಲಿ ಶೇ. 61ರಷ್ಟು ಮಂದಿಗೆ ಈ ವ್ಯತ್ಯಾಸ ಇತ್ತು. ಬೇರೆ ಆಟದವರಲ್ಲಿ ಶೇ. 33. ಅವರೆಲ್ಲ ನರಳುತ್ತಿದ್ದವರಲ್ಲ. ಹಾಗಂತ ಕಡೆಗಣಿಸುವಂತೆಯೂ ಇಲ್ಲ. 2018ರ ಇನ್ನೊಂದು ವಿಶ್ಲೇಷಣೆಯ ಪ್ರಕಾರ, ನೋವಿಲ್ಲದಿದ್ದರೂ ಈ ವ್ಯತ್ಯಾಸ ಇದ್ದ ಆಟಗಾರರಿಗೆ ಮುಂದೆ ಹೆಗಲು ನೋವು ಬರುವ ಸಂಭವ ಶೇ. 43ರಷ್ಟು ಹೆಚ್ಚು. ನನ್ನ ಮಟ್ಟಿಗೆ ಇದು ಮೋಡ ಇದ್ದ ಹಾಗೆ. ಕೊಡೆ ಹಿಡಿದು ಹೊರಡುತ್ತೇನೆ, ಮನೆಯಲ್ಲೇ ಕೂರುವುದಿಲ್ಲ.

ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರ ಹೆಗಲಿಗೆ 1997ರಲ್ಲಿ ಶಸ್ತ್ರಚಿಕಿತ್ಸೆ ಆಗಿದ್ದು ನಿಮಗೆ ನೆನಪಿರಬಹುದು. ಅವರದು ಭುಜದ ಕೀಲನ್ನು ಸುತ್ತ ಹಿಡಿದಿರುವ ಸ್ನಾಯುಗಳ, ಅಂದರೆ ರೊಟೇಟರ್ ಕಫ್‌ನ ಗಾಯ. ಆಮೇಲೂ 2003ರ ವಿಶ್ವಕಪ್‌ವರೆಗೆ ವೇಗವಾಗಿಯೇ ಬೌಲ್ ಮಾಡಿದರು. ಹೆಗಲಿಗೆ ಪೆಟ್ಟಾಯಿತು ಅಂದರೆ ಆಟ ಮುಗಿಯಿತು ಅನ್ನುವ ಅಪ್ಪಂದಿರಿಗೆ ನಾನು ಹೇಳುವ ಹೆಸರು ಅದು.

ಶಾಲೆಯಲ್ಲಿ ಹಲಗೆಯ ಚಲನೆಯನ್ನು ಪರೀಕ್ಷಿಸುವುದು ಹೇಗೆ? ಯಂತ್ರ ಬೇಡ. ಎರಡು ಕೈಗೂ ತೂಕ: ಹುಡುಗ 68 ಕಿಲೋಗಿಂತ ಕಡಿಮೆ ಇದ್ದರೆ 1.4 ಕಿಲೋ, ಹೆಚ್ಚಿದ್ದರೆ 2.3 ಕಿಲೋ. ಒಂದೂವರೆ ಲೀಟರ್ ಬಾಟಲಿಯನ್ನು ಕಂಠದವರೆಗೆ ತುಂಬದೆ ಕೊಟ್ಟರೆ ಮೊದಲನೆಯದಾಯಿತು. ಹೆಬ್ಬೆರಳು ಮೇಲಿಟ್ಟು, ಮೂರು ಎಣಿಸುವಷ್ಟರಲ್ಲಿ ಎತ್ತಿ, ಮೂರು ಎಣಿಸುವಷ್ಟರಲ್ಲಿ ಇಳಿಸಬೇಕು. ಮುಂದಕ್ಕೆ ಐದು ಸಲ, ಪಕ್ಕಕ್ಕೆ ಐದು ಸಲ. ನೀವು ಹಿಂದೆ ನಿಂತು ನೋಡಿ. ಇಳಿಸುವಾಗ ಕಣ್ಣು ಮಿಟುಕಿಸಬೇಡಿ, ಹಲಗೆ ಎದ್ದು ಕಾಣುವುದು ಹೆಚ್ಚಾಗಿ ಆಗಲೇ. ಹೆಣ್ಣುಮಕ್ಕಳಿಗೆ ಬೆನ್ನು ಕಾಣುವ ಆಟದ ಬನಿಯನ್ ಸಾಕು, ನೋಡುವವರು ಮೇಡಂ ಆಗಿರಲಿ.

ವ್ಯಾಯಾಮಕ್ಕೂ ಖರ್ಚಿಲ್ಲ. ಗೋಡೆಗೆ ಕೈಕೊಟ್ಟು ದಂಡ ಹೊಡೆಯಿರಿ. ಮೊಣಕೈ ನೇರವಾದ ಮೇಲೆ ನಿಲ್ಲಿಸದೆ ಗೋಡೆಯನ್ನು ಇನ್ನೂ ಎರಡು ಬೆರಳು ದೂಡಿ. ಸೆರೇಟಸ್‌ನ ಕೆಲಸ ಇರುವುದು ಆ ಎರಡು ಬೆರಳಿನಲ್ಲೇ. ಬೋರಲು ಮಲಗಿ, ಕೈಯನ್ನು ತಲೆಯ ಕಡೆಗೆ ಓರೆಯಾಗಿ ಚಾಚಿ, ಹೆಬ್ಬೆರಳು ಮೇಲಿಟ್ಟು ಎತ್ತಿದರೆ ಟ್ರೆಪೀಜಿಯಸ್‌ನ ಕೆಳಭಾಗಕ್ಕೆ. ವಾರಕ್ಕೆ ಮೂರು ದಿನ, ಹತ್ತರಿಂದ ಹದಿನೈದರಂತೆ ಮೂರು ಸುತ್ತು. ಆರೆಂಟು ವಾರ ತಾಳ್ಮೆ ಬೇಕು. ‘ನಾಡಿದ್ದು ಫೈನಲ್ ಇದೆ ಮೇಡಂ’ ಅಂದರೆ ನನ್ನ ಹತ್ತಿರ ಮಂತ್ರ ಇಲ್ಲ. ಜೊತೆಗೆ ಕಾಲು, ಸೊಂಟ ಮರೆಯಬೇಡಿ. ಹೊಡೆತದ ಬಲದಲ್ಲಿ ದೊಡ್ಡ ಪಾಲು ಕೆಳಗಿನಿಂದ ಬರುತ್ತದೆ. ಅದು ಬರದಿದ್ದರೆ ಬಾಕಿಯನ್ನು ಭುಜವೇ ತೀರಿಸಬೇಕಾಗುತ್ತದೆ.

ಇಷ್ಟು ಕಂಡರೆ ಮಾತ್ರ ಕಾಯದೆ ವೈದ್ಯರ ಹತ್ತಿರ ಕಳಿಸಿ: ರಾತ್ರಿ ನಿದ್ದೆಗೆಡಿಸುವ ನೋವು, ಕೈಯನ್ನು ಎತ್ತಲೇ ಆಗದಿರುವುದು, ಗೋಡೆ ದೂಡಿದಾಗ ಹಲಗೆ ಪೂರ್ತಿ ರೆಕ್ಕೆಯಂತೆ ಎದ್ದುನಿಲ್ಲುವುದು. ಹಲಗೆಯ ಮೇಲೆ ಗುಳಿ ಬಿದ್ದಿದ್ದರೂ ಅಷ್ಟೇ. ನರ ಅದುಮಿ ಹೀಗೆ ಸ್ನಾಯು ಕರಗುವುದು ವಾಲಿಬಾಲ್‌ನವರಲ್ಲಿ ಇದೆ, ಎಷ್ಟೋ ಸಲ ನೋವೇ ಇರುವುದಿಲ್ಲ.

ನೀರು ತುಂಬಿದ ಬಾಟಲಿಗಳು ಆ ಕಿಟಕಿ ಹತ್ತಿರ ಇವೆ. ಮೊದಲು ಮೇಷ್ಟ್ರುಗಳೇ ಜೋಡಿಯಾಗಿ ಬನ್ನಿ. ಒಬ್ಬರು ಎತ್ತಿ, ಒಬ್ಬರು ಹಿಂದೆ ನಿಂತು ನೋಡಿ.